ಉಪ್ಪು ಸಾಕಾ, ಅಪ್ಪಾ?

ಅಪ್ಪ ಮೈಸೂರಿನಿಂದ ಲಂಡನ್‌ಗೆ ಬಂದು ಮೂರು ವಾರ ಆಗಿತ್ತು. ಆ ಮೂರು ವಾರವೂ ನಾನು ಅವರಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನಮ್ಮ ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡ್ತಿದ್ದಾರೆ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಇಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಹೋಗುವುದು ಸಂಬಳ ಒಂದೇ ಅಲ್ಲ. ವೀಸಾ ಮೊಟಕು ಮಾಡಿದ ಪತ್ರ ಬಂದರೆ ಸಾಮಾನ್ಯವಾಗಿ 60 ದಿನದೊಳಗೆ ಹೊಸ ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ದಿನಾ ರಾತ್ರಿ ಸಾರು ಬಡಿಸುವಾಗ ಹೇಳೋಣ ಅಂತ ಬಾಯಿ ತೆರೆಯುತ್ತಿದ್ದೆ. ಅಪ್ಪ ತಲೆ ಎತ್ತಿ ಮುಖ ನೋಡುತ್ತಿದ್ದರು. "ಉಪ್ಪು ಸಾಕಾ?" ಅಂತ ಕೇಳಿ ಸುಮ್ಮನಾಗುತ್ತಿದ್ದೆ.

ಹೋದ ಶನಿವಾರ ಮಳೆ ಇರಲಿಲ್ಲ. ಅಪ್ಪನನ್ನು ಬಾಕ್ಸ್ ಹಿಲ್‌ಗೆ ಕರೆದುಕೊಂಡು ಹೊರಟೆ. ಲಂಡನ್‌ನ ವಾಟರ್‌ಲೂ ಅಥವಾ ವಿಕ್ಟೋರಿಯಾದಿಂದ ರೈಲು ಹತ್ತಿದರೆ ಒಂದು ಗಂಟೆಯ ದಾರಿ. 'ಬಾಕ್ಸ್ ಹಿಲ್ ಆಂಡ್ ವೆಸ್ಟ್‌ಹಂಬಲ್' ಅನ್ನೋ ಪುಟ್ಟ ಸ್ಟೇಷನ್‌ನಲ್ಲಿ ಇಳಿದು, ಒಂದು ಕಡೆಯಿಂದ ಬೆಟ್ಟ ಹತ್ತಿ, ಇನ್ನೊಂದು ಕಡೆಯಿಂದ ಇಳಿದು, ಮತ್ತೆ ಅದೇ ಸ್ಟೇಷನ್‌ಗೆ ಬರಬಹುದು. ಒಟ್ಟು ಸುಮಾರು 5 ಕಿ.ಮೀ. "ಅಂದ್ರೆ ಪ್ರದಕ್ಷಿಣೆ ಅನ್ನು" ಅಂದರು ಅಪ್ಪ.

ಮೊದಲು ಸಿಗೋದು ಮೋಲ್ ನದಿ. ದಾಟೋಕೆ ನೀರಿನಲ್ಲಿ ಸಾಲಾಗಿ 17 ಕಲ್ಲುಗಳಿವೆ. ಹಳೆಯ ಕಲ್ಲುಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಕಿತ್ತುಹಾಕಿದ್ದರಂತೆ. ಈಗಿರುವ ಕಲ್ಲುಗಳನ್ನು 1946ರಲ್ಲಿ ಪ್ರಧಾನಿ ಕ್ಲೆಮೆಂಟ್ ಅಟ್ಲೀ ಬಂದು ಉದ್ಘಾಟಿಸಿದರು. ಅಪ್ಪ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಇದನ್ನು ಹೇಳಿದ್ದೇ ತಡ, ನಡುಗಲ್ಲಿನ ಮೇಲೆ ನಿಂತೇಬಿಟ್ಟರು. "ಮಾರನೇ ವರ್ಷ ನಮಗೆ ಸ್ವಾತಂತ್ರ್ಯ ಬಂದಿದ್ದೂ ಇದೇ ಅಟ್ಲೀ ಸರ್ಕಾರದ ಕಾಲದಲ್ಲಿ ಕಣಮ್ಮ!" ಹಿಂದೆ ಕಾಯುತ್ತಿದ್ದ ಮಕ್ಕಳು ನಕ್ಕರು. (ನದಿ ತುಂಬಿದ್ದರೆ ಕಲ್ಲು ದಾಟುವ ಸಾಹಸ ಬೇಡ, ಹತ್ತಿರದಲ್ಲೇ ಕಾಲುಸೇತುವೆ ಇದೆ.)

ನದಿ ದಾಟಿದ ಮೇಲೆ ಕಾಡು, ಕಾಡಿನೊಳಗೆ ಮೆಟ್ಟಿಲು. ಎರಡೂ ಕಡೆ ಯೂ ಮರಗಳು, ಬೆಟ್ಟಕ್ಕೆ ಹೆಸರು ಕೊಟ್ಟ ಬಾಕ್ಸ್ ಮರಗಳು. ಮಧ್ಯಾಹ್ನದಲ್ಲೂ ಅಲ್ಲಿ ಸಂಜೆಯ ನೆರಳು. ಅಪ್ಪ ಮುಂದೆ, ನಾನು ಹಿಂದೆ. ಅವರು ಮೆಟ್ಟಿಲು ಎಣಿಸುತ್ತಾ ಹತ್ತುತ್ತಿದ್ದರು. ಇನ್ನೂರು ದಾಟಿದಾಗ ನಾನು ಅವರ ಬೆನ್ನಿಗೆ ಹೇಳಿದೆ: "ಅಪ್ಪಾ, ನನ್ನ ಕೆಲಸ ಹೋಗಬಹುದು."

ಲೆಕ್ಕ ನಿಂತಿತು. ಕಾಲು ನಿಲ್ಲಲಿಲ್ಲ.

"ಮೂರು ವಾರದಿಂದ ದಿನಾ ಉಪ್ಪು ಸಾಕಾ ಅಂತ ಕೇಳ್ತಿದೀಯ. ಯಾವತ್ತಾದ್ರೂ ಕೇಳಿದವಳಾ ನೀನು?" ಅಂದರು. ಇನ್ನೂ ನಾಲ್ಕು ಮೆಟ್ಟಿಲು ಹತ್ತಿ, ತಿರುಗದೆಯೇ ಮುಂದುವರಿಸಿದರು. "ನೀನು ಒಂದನೇ ಕ್ಲಾಸಲ್ಲಿದ್ದಾಗ ನಾನಿದ್ದ ಶಾಲೆಯವರು ನನ್ನ ಬಿಡಿಸಿದ್ರು. ಎರಡು ತಿಂಗಳು ಮನೇಲಿ ಹೇಳಲಿಲ್ಲ. ಡಬ್ಬಿ ತಗೊಂಡು ಚಾಮುಂಡಿ ಬೆಟ್ಟ ಹತ್ತಿ ಕೂತ್ಕೋತಿದ್ದೆ. ನಿಮ್ಮಮ್ಮನಿಗೆ ಮೂರನೇ ದಿನಕ್ಕೇ ಗೊತ್ತಾಗಿತ್ತಂತೆ, ನನ್ನ ಚಪ್ಪಲಿ ಧೂಳು ನೋಡಿ. ನಾನಾಗಿ ಹೇಳಲಿ ಅಂತ ಕಾದಳು."

ಅಪ್ಪ ಬೆಟ್ಟ ಹತ್ತೋದು ಭಕ್ತಿಯಿಂದ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಮೇಲೆ ಸಾಲೋಮನ್ಸ್ ಸ್ಮಾರಕದ ಹತ್ತಿರ ಕೂತೆವು. ಲಿಯೋಪೋಲ್ಡ್ ಸಾಲೋಮನ್ಸ್ ಎಂಬ ಶ್ರೀಮಂತ ಈ ಬೆಟ್ಟವನ್ನು ಕೊಂಡು, 1914ರಲ್ಲಿ ಎಲ್ಲರಿಗೂ ಸೇರಲಿ ಅಂತ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟ. ಕೆಳಗೆ ಡಾರ್ಕಿಂಗ್ ಊರು, ಆಚೆ ಹಸಿರು ಬಯಲು, ಬಲಗಡೆ ಲೀತ್ ಹಿಲ್. ಅಪ್ಪ ಚಪಾತಿ ಸುರುಳಿ ಬಿಚ್ಚಿ ಕೈಗಿಟ್ಟರು. "ಕೈಯಲ್ಲಿ ಎಷ್ಟು ದುಡ್ಡಿದೆ? ಬಾಡಿಗೆ ಎಷ್ಟು? ಬೆಂಗಳೂರಲ್ಲೂ ಅರ್ಜಿ ಹಾಕಿದೀಯಾ?" ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದೆ. ಬಾಯಿಬಿಟ್ಟು ಹೇಳಿದಾಗ ಲೆಕ್ಕ ನಾನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ನಾಲ್ಕು ತಿಂಗಳು ತಳ್ಳಬಹುದು. ವಾಪಸ್ ಹೋಗಬೇಕಾಗಿ ಬಂದರೆ ಅಂದಾಗ ಮಾತ್ರ ನನ್ನ ಗಂಟಲು ಕಟ್ಟಿತು. ಅಪ್ಪ ಏನೂ ಹೇಳದೆ ನೀರಿನ ಬಾಟಲಿ ಕೊಟ್ಟರು.

ಇಳಿಯೋದು ಬರ್ಫರ್ಡ್ ಸ್ಪರ್ ಅನ್ನೋ ಬಯಲು ಏಣಿನ ಮೇಲೆ. ಅಲ್ಲಿ ಮರದ ಮರೆ ಇಲ್ಲ, ಬರೀ ಹುಲ್ಲು, ಗಾಳಿ. ಸುಣ್ಣಕಲ್ಲಿನ ನೆಲ, ಒದ್ದೆಯಾಗಿದ್ದರೆ ಜಾರುತ್ತದೆ, ಒಳ್ಳೇ ಹಿಡಿತದ ಶೂ ಹಾಕಿಕೊಂಡು ಹೋಗಿ. ನಾವಿಬ್ಬರೂ ಪಕ್ಕಪಕ್ಕ ಇಳಿದೆವು. ದಾರಿಯುದ್ದಕ್ಕೂ ಅಮ್ಮನ ಮಾತೇ.

ಕೆಲಸದ ತೀರ್ಮಾನ ಇನ್ನೂ ಬಂದಿಲ್ಲ. ಆದರೆ ಈಗ ರಾತ್ರಿ ಅಡುಗೆಮನೆ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದಿರುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ನನ್ನ ರೆಸ್ಯೂಮೆಯಲ್ಲಿ ಕಾಗುಣಿತ ತಿದ್ದುತ್ತಾರೆ, ಇಂಗ್ಲಿಷಿನಲ್ಲಿ!

ನಿಮ್ಮಲ್ಲೂ ಮನೆಯವರಿಗೆ ಹೇಳದೆ ಉಳಿಸಿಕೊಂಡ ಮಾತು ಇದ್ದರೆ ಎದುರು ಕೂರಿಸಿಕೊಂಡು ಹೇಳಲೇಬೇಕು ಅಂತಿಲ್ಲ. ಮುಖ ನೋಡುತ್ತಾ ಆಡಲಾಗದ್ದನ್ನು ಬೆನ್ನು ನೋಡುತ್ತಾ ಆಡಬಹುದು. ಬಾಕ್ಸ್ ಹಿಲ್ಲೇ ಆಗಬೇಕಿಲ್ಲ, ನಿಮ್ಮೂರಿನ ಕೆರೆ ಏರಿಯಾದರೂ ಸಾಕು. ಒಂದು ಸುತ್ತು ಹಾಕಿ ಬನ್ನಿ, ಫೋನು ಜೇಬಲ್ಲೇ ಇರಲಿ.