ಡಕೋಟ ತರ್ಕ

ಈಚೆಗೆ ಒಂದು ಮದುವೆ ಊಟದ ಪಂಕ್ತಿಯಲ್ಲಿ, ಮಗಳನ್ನು ಎಂಜಿನಿಯರಿಂಗಿಗೆ ಸೇರಿಸಿದ ತಂದೆಯೊಬ್ಬರು ಸೆಕೆಂಡ್ ಹ್ಯಾಂಡ್ ಕಾರಿನ ವಿಷಯ ತೆಗೆದರು. ಪಕ್ಕದ ಎಲೆಯವರು ಸಾರು ಕಲಸಿಕೊಳ್ಳುತ್ತಲೇ ತೀರ್ಪು ಕೊಟ್ಟುಬಿಟ್ಟರು: "ಕಲಿಯೋ ಮಕ್ಕಳಿಗೆ ಯಾವುದಾದರೂ ಡಕೋಟ ಗಾಡಿ ಕೊಡಿಸಿ ಸ್ವಾಮಿ. ಎಲ್ಲಾದರೂ ಗುದ್ದಿದರೂ ಹೊಟ್ಟೆ ಉರಿಯೋಲ್ಲ." ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಊರೂರಲ್ಲೂ ಕೇಳಿಬರುವ ಮಾತು ಇದು. ಗುದ್ದಿದಾಗ ಒಳಗೆ ಕೂತಿರುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಪ್ಪತ್ತೈದು ವರ್ಷ ಗಾಡಿ ಓಡಿಸಿ ಪಳಗಿದ ಅಪ್ಪನಿಗೆ ಆರು ಏರ್‌ಬ್ಯಾಗಿನ ಹೊಸ ಕಾರು. ಮೊನ್ನೆ ಲೈಸೆನ್ಸ್ ಸಿಕ್ಕ ಮಗಳಿಗೆ ಬ್ರೇಕು ನೆಟ್ಟಗೆ ಹಿಡಿಯದ ಹಳೆಯದು. ಇದನ್ನು ಜಾಣತನ ಎನ್ನುತ್ತೇವೆ. ನನ್ನ ವಾದ ನೇರವಾಗಿಯೇ ಇದೆ: ಮನೆಯಲ್ಲಿ ಎರಡು ಕಾರಿದ್ದರೆ ಒಳ್ಳೆಯದು ಮಕ್ಕಳ ಕೈಗೆ ಹೋಗಲಿ, ಹಳೆಯದನ್ನು ಅಪ್ಪ ಓಡಿಸಲಿ. ಅವರಿಗೆಂದೇ ಹಳೆಯ ಕಾರು ಕೊಳ್ಳುವುದಾದರೆ, ಗೀಚಿದರೆ ನಮಗೆ ಎಷ್ಟು ನಷ್ಟ ಎಂಬ ಲೆಕ್ಕ ಬಿಟ್ಟು, ಅವರು ತಪ್ಪು ಮಾಡಿದ ದಿನ ಈ ಗಾಡಿ ಅವರನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬ ಲೆಕ್ಕ ಹಾಕಬೇಕು.

"ಹಳೇ ಕಾಲದ ಕಬ್ಬಿಣ ಗಟ್ಟಿ" ಎನ್ನುವವರಿಗೆ ಒಂದೇ ಉತ್ತರ ಸಾಕು: 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 1959ರ ಭಾರಿ ಶೆವರ್ಲೆ ಬೆಲ್ ಏರ್ ಕಾರನ್ನು 2009ರ ಶೆವರ್ಲೆ ಮಾಲಿಬುಗೆ ಎದುರುಬದುರು ಗುದ್ದಿಸಿದಾಗ, ಬೆಲ್ ಏರ್‌ನ ಚಾಲಕ ಬದುಕುವಂತಿರಲಿಲ್ಲ, ಮಾಲಿಬುವಿನವನಿಗೆ ಕಾಲಿಗೆ ಪೆಟ್ಟಾಗುತ್ತಿತ್ತು.

ವಿದ್ಯಾರ್ಥಿಗೆ ಕಾರೇ ಯಾಕೆ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣದ ಪಕ್ಕದ ಕಾಲೇಜಿಗೆ ಹೋಗುವವರಿಗೆ ಕಾರು ಒಂದು ಹೊರೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣವೇ ಉಚಿತ. ಬಸ್ಸು ಸಿಗುವ ಕಡೆ ಬಸ್ಸೇ ಸರಿ, ಅದಕ್ಕಿಂತ ಸುರಕ್ಷಿತವಾದ ಕಾರನ್ನು ನಾನು ತೋರಿಸಲಾರೆ. ಆದರೆ ಊರಾಚೆ ಹೊಲದ ನಡುವೆ ಎದ್ದ ಕಾಲೇಜುಗಳು ನಮ್ಮಲ್ಲಿ ಬೇಕಾದಷ್ಟಿವೆ. ಲ್ಯಾಬ್ ಮುಗಿಯುವ ಹೊತ್ತಿಗೆ ಅಲ್ಲಿಂದ ಕೊನೆಯ ಬಸ್ಸು ಹೋಗಿರುತ್ತದೆ. ಅಂಥ ಕಡೆ ಕಾರು ಬೇಡವೆಂದರೆ ಮನೆಗೆ ಬರುವುದು ಬೈಕೋ ಸ್ಕೂಟರೋ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕಾರನ್ನು ಶೋಕಿ ಎಂದೂ ಬೈಕನ್ನು ಅಗತ್ಯ ಎಂದೂ ವಿಂಗಡಿಸುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಕಾರು ಸಿಕ್ಕರೆ ಮಕ್ಕಳು ಕೆಡುತ್ತಾರೆ ಎಂಬ ಆಕ್ಷೇಪವೂ ಪೊಳ್ಳಲ್ಲ. ಓರಗೆಯವರು ನಾಲ್ವರು ಹತ್ತಿದರೆ ಹೊಸ ಚಾಲಕನ ಕೈಕಾಲು ಬೇರೆಯೇ ಆಗುತ್ತವೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹದಿಹರೆಯದ ಹೊಸ ಚಾಲಕರು ಎಷ್ಟು ಗೆಳೆಯರನ್ನು ಕೂರಿಸಿಕೊಳ್ಳಬಹುದು ಎಂಬುದಕ್ಕೇ ಕಾನೂನಿದೆ. ನಮ್ಮಲ್ಲಿ ಅದಿಲ್ಲ, ಮನೆಯವರೇ ಹೇಳಬೇಕು. ಹದಿನೆಂಟು ತುಂಬದವರ ಕೈಗೆ ಕೊಡುವ ವಿಷಯ ಮಾತ್ರ ಚರ್ಚೆಗೂ ಯೋಗ್ಯವಲ್ಲ: 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಅಂತೂ ಇವೆಲ್ಲ ಕೀಲಿಕೈ ಯಾವಾಗ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪ್ರಶ್ನೆಗಳು. ಕೊಡುವುದೆಂದು ನಿಶ್ಚಯವಾದ ಮೇಲೆ ಡಕೋಟ ಕೊಡಿ ಎನ್ನುವುದಕ್ಕೆ ಇವುಗಳಲ್ಲಿ ಸಮರ್ಥನೆ ಸಿಗುವುದಿಲ್ಲ.

ನಿಜವಾದ ತೊಡಕು ದುಡ್ಡು. ಮೂರು ಲಕ್ಷ ಇಟ್ಟುಕೊಂಡವರಿಗೆ ಸುರಕ್ಷತೆಯ ಉಪದೇಶ ಮಾಡುವುದು ಸುಲಭ. ಅಂಥವರಿಗಾಗಿಯೇ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಆದರೆ ಅದೇ ಪೋಲೊವನ್ನು ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದಾಗ ನಾಲ್ಕು ಸ್ಟಾರ್ ಬಂತು. ತಗಡು ಅದೇ, ಎಂಜಿನ್ ಅದೇ, ದಾರಿಯಲ್ಲಿ ನೋಡಿದವರಿಗೆ ವ್ಯತ್ಯಾಸವೇ ಕಾಣದು. ಮಿಕ್ಕ ಕೆಲವು ಕಾರುಗಳಲ್ಲಿ ಒಡಲೇ ಕುಸಿದದ್ದರಿಂದ ಏರ್‌ಬ್ಯಾಗಷ್ಟೇ ಹಾಕಿದರೂ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ ಎಂಬುದನ್ನೂ ಆ ಪರೀಕ್ಷೆ ತೋರಿಸಿತು. ಹಾಗಾಗಿ ನೋಡಬೇಕಾದದ್ದು ಎರಡು, ಗಟ್ಟಿ ಒಡಲು ಮತ್ತು ಮೇಲಿನ ವೇರಿಯಂಟ್.

ಇಲ್ಲಿಯೇ ಹಳೆಯ ಕಾರು ಕೊಳ್ಳುವವರಿಗೆ ಒಂದು ಅನುಕೂಲವಿದೆ, ಹೆಚ್ಚಿನವರು ಅದನ್ನು ಬಳಸಿಕೊಳ್ಳುವುದಿಲ್ಲ. ಶೋರೂಮಿನಲ್ಲಿ ಬೇಸ್ ಮಾದರಿಗೂ ಟಾಪ್ ಮಾದರಿಗೂ ಲಕ್ಷಗಟ್ಟಲೆ ಅಂತರ. ಏಳೆಂಟು ವರ್ಷ ಓಡಿದ ಮೇಲೆ ಆ ಅಂತರ ಬಹಳಷ್ಟು ಕರಗಿರುತ್ತದೆ, ಏರ್‌ಬ್ಯಾಗೂ ಎಬಿಎಸ್ಸೂ ಮಾತ್ರ ಹಾಗೇ ಇರುತ್ತವೆ. ಎಬಿಎಸ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು. ಪಕ್ಕದ ಸೀಟಿನ ಏರ್‌ಬ್ಯಾಗ್‌ಗೆ 2021 ಮುಗಿಯಬೇಕಾಯಿತು. ಅಂದರೆ 2017ರ ಕಾರು ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಆದರೂ ನಾವು ಕೇಳುವ ಮೊದಲ ಪ್ರಶ್ನೆ "ಮೈಲೇಜ್ ಎಷ್ಟು ಕೊಡುತ್ತೆ?", ಎರಡನೆಯದು "ರೀಸೇಲ್ ಹೇಗೆ?" ಮಗಳು ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿಸುವ ಗಾಡಿಯಲ್ಲಿ ಲೀಟರಿಗೆ ಮೂರು ಕಿಲೋಮೀಟರ್ ಹೆಚ್ಚು ಸಿಕ್ಕರೆ ಉಳಿಯುವುದು ತಿಂಗಳಿಗೆ ಕೆಲವು ನೂರು ರೂಪಾಯಿ. ಅದಕ್ಕಾಗಿ ಏರ್‌ಬ್ಯಾಗಿಲ್ಲದ ಕಾರನ್ನು ಆರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಏರ್‌ಬ್ಯಾಗ್ ಇದೆ ಎಂದು ಸ್ಟೀರಿಂಗ್ ಮೇಲೆ ಬರೆದಿದ್ದರೆ ಸಾಲದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹತ್ತಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು, ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದು ಖಾಲಿಯಾದದ್ದನ್ನು ಮುಚ್ಚಲು ದೀಪವನ್ನೇ ಕಿತ್ತಿರಬಹುದು.

ಇಷ್ಟರಲ್ಲಿ ಯಾವ ಕಂಪನಿಯ ಕಾರು ನಂಬಿಕಸ್ತ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹತ್ತು ಕೈ ಬದಲಾದ ಒಳ್ಳೆಯ ಕಂಪನಿಯ ಗಾಡಿಗಿಂತ, ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ ಸಾಧಾರಣ ಕಂಪನಿಯ ಗಾಡಿ ಮೇಲು. ಬ್ರೋಕರ್ ಬಾಯಲ್ಲಿ ಎಲ್ಲವೂ "ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ". ಮೀಟರ್ ಹಿಂದಕ್ಕೆ ತಿರುಗಿಸುವುದು ಡಿಜಿಟಲ್ ಕಾಲದಲ್ಲೂ ನಿಂತಿಲ್ಲ. ಮೂವತ್ತು ಸಾವಿರ ಓಡಿದೆ ಎನ್ನುವ ಕಾರಿನಲ್ಲಿ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಸುಳ್ಳು ಅಲ್ಲಿಯೇ ಸಿಗುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಓನರ್ ಮೂಲಕ ವಿಚಾರಿಸಿದರೆ ಪ್ರತಿ ಸರ್ವಿಸ್ಸಿನ ದಿನದ ಕಿಲೋಮೀಟರೂ ತಿಳಿಯುತ್ತದೆ. ಮಳೆಯಲ್ಲಿ ಮುಳುಗಿದ ಗಾಡಿಗಳ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಬೇಕು. 2015ರ ಚೆನ್ನೈ ನೆರೆಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ, ನೀರಲ್ಲಿ ನಿಂತ ಕಾರುಗಳು ಕಡಿಮೆಯಲ್ಲ. ಹೀಗೆ ಮುಳುಗಿದವು ಹರಾಜಾಗಿ, ತೊಳೆದು ಒರೆಸಿ ಮತ್ತೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿ, ಸ್ಟೆಪ್ನಿ ಎತ್ತಿ ಕೆಳಗಿನ ಗುಳಿಯನ್ನು ನೋಡಿ.

ಡೀಸೆಲ್ ಬೇಡ. ಬಿಎಸ್6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವೊಂದಿದೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ಪಿಜಿಯಿಂದ ಕಾಲೇಜಿಗೆ ನಾಲ್ಕು ಕಿಲೋಮೀಟರ್ ಓಡಾಡುವ ಗಾಡಿಯಲ್ಲಿ ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಅಗ್ಗಕ್ಕೆ ಸಿಗುವ ದೆಹಲಿ ನೋಂದಣಿಯ ಡೀಸೆಲ್ ಕಾರುಗಳ ಆಸೆಯೂ ಬೇಡ: ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ ನಿರ್ಬಂಧ ಬಂದದ್ದರಿಂದ ಅವು ಇತ್ತ ಬರುತ್ತವೆ, ಇಲ್ಲಿ ತೆರಿಗೆ ಕಟ್ಟಿ ನೋಂದಣಿ ಬದಲಿಸುವಷ್ಟರಲ್ಲಿ ಅಗ್ಗವೆಲ್ಲ ಇಳಿದಿರುತ್ತದೆ.

ಕಾಗದಪತ್ರದ ಮಾತು ಬೇಸರ ತರಿಸುತ್ತದೆ, ಆದರೆ ಬಿಡುವಂತಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಗಾಡಿ ನಿಮ್ಮದಾಗಲಿಲ್ಲ. ಮಾರಿಬಿಟ್ಟ ಕಾರು ಅಪಘಾತ ಮಾಡಿದರೂ ನೋಂದಣಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಬುದ್ಧಿ ಇರುವ ಮಾರಾಟಗಾರನೂ ಫಾರಂ 29, 30ಕ್ಕೆ ಸಹಿ ಹಾಕಿ ಸುಮ್ಮನಾಗದೆ, ವರ್ಗಾವಣೆ ಆಗುವವರೆಗೆ ಬೆನ್ನು ಹತ್ತುತ್ತಾನೆ. ನಿಮಗೂ ಆತುರವಿರಲಿ. ವಿಮೆ ನಿಮ್ಮ ಹೆಸರಿಗೆ ಬರುವ ಮುಂಚೆ ಕೀಲಿಕೈ ಮಗಳಿಗೆ ಕೊಡಬೇಡಿ.

ಕೊನೆಗೆ ಟೈರು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಎಂದಿದ್ದರೆ 2017ರ 23ನೇ ವಾರದ ಟೈರು, ಗೀರು ಎಷ್ಟೇ ಆಳವಿದ್ದರೂ ರಬ್ಬರ್ ಮುದಿಯಾಗಿದೆ. ಕಾರಿನ ಬೆಲೆ ಮಾತಾಡುವ ಮೊದಲೇ ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ವಿಮೆಯ ಕಂತು, ನಿಮಗೆ ಗೊತ್ತಿರುವ ಮೆಕ್ಯಾನಿಕ್ಕಿನ ಕೂಲಿ ಇಷ್ಟನ್ನೂ ಬಜೆಟ್ಟಿನಿಂದ ಬದಿಗೆ ತೆಗೆದಿಡಿ. ಹಾಗೆ ತೆಗೆದ ಮೇಲೆ ಉಳಿದ ಹಣಕ್ಕೆ ಡಕೋಟವೇ ಸಿಗುವುದಾದರೆ ಈ ವರ್ಷ ಕಾರು ಬೇಡ. ಮಗಳಿಗೆ ಬಸ್ ಇರುವ ಕಡೆ ಪಿಜಿ ನೋಡಿ.