ಚಾಣಕ್ಯಪುರಿಯ ಚಿಂತಕರ ಚಾವಡಿ: ಯಾರು ಬಂದರು, ಎಲ್ಲಿಗೆ ಹೋದರು?

2014ರ ಮೇ 26ರಂದು ನರೇಂದ್ರ ಮೋದಿ ಪ್ರಮಾಣವಚನ ಸ್ವೀಕರಿಸಿದರು. ಎರಡೇ ದಿನಕ್ಕೆ ಹೊಸ ಸರ್ಕಾರದ ಸುಗ್ರೀವಾಜ್ಞೆ ಬಂತು. ಬರಕ್ಕಲ್ಲ, ಬೆಲೆ ಏರಿಕೆಗಲ್ಲ. ಒಬ್ಬ ನಿವೃತ್ತ ಅಧಿಕಾರಿಗೆ ಕೆಲಸ ಕೊಡೋದಕ್ಕೆ. ಟ್ರಾಯ್ ಅಧ್ಯಕ್ಷರಾಗಿದ್ದವರು ಮುಂದೆ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ ಎಂದು ಕಾನೂನು ಹೇಳುತ್ತಿತ್ತು. ಟ್ರಾಯ್‌ನ ಮಾಜಿ ಅಧ್ಯಕ್ಷ ನೃಪೇಂದ್ರ ಮಿಶ್ರಾ ಪ್ರಧಾನಿಯ ಪ್ರಧಾನ ಕಾರ್ಯದರ್ಶಿ ಆಗಬೇಕಿತ್ತು. ಹಾಗಾಗಿ ಕಾನೂನೇ ಪಕ್ಕಕ್ಕೆ ಸರಿದು ಕೂತಿತು. ಮೇ 30ಕ್ಕೆ ಅಜಿತ್ ಡೋವಲ್ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು.

ಇಬ್ಬರೂ ಬಂದದ್ದು ದಿಲ್ಲಿಯ ಚಾಣಕ್ಯಪುರಿಯ ಒಂದೇ ಕಟ್ಟಡದಿಂದ. ವಿವೇಕಾನಂದ ಇಂಟರ್‌ನ್ಯಾಷನಲ್ ಫೌಂಡೇಶನ್, ಅಂದರೆ ವಿಐಎಫ್. ಡೋವಲ್ ಅದರ ಸ್ಥಾಪಕ ನಿರ್ದೇಶಕರು, ಮಿಶ್ರಾ ಕಾರ್ಯಕಾರಿ ಮಂಡಳಿಯಲ್ಲಿದ್ದವರು. ಡಿಆರ್‌ಡಿಒ ಮುಖ್ಯಸ್ಥರಾಗಿ ನಿವೃತ್ತರಾಗಿ ಅಲ್ಲಿ ಸೇರಿದ್ದ ವಿ.ಕೆ. ಸಾರಸ್ವತ್ 2015ರಲ್ಲಿ ನೀತಿ ಆಯೋಗದ ಸದಸ್ಯರಾದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾವು ಇದನ್ನೇ ಕ್ಯಾಂಪಸ್ ಸೆಲೆಕ್ಷನ್ ಅಂತಿದ್ವಿ.

ಮೂಲ ಹುಡುಕಿದರೆ ಕನ್ಯಾಕುಮಾರಿಗೆ ಹೋಗಬೇಕು. ಅಲ್ಲಿನ ವಿವೇಕಾನಂದ ಶಿಲಾ ಸ್ಮಾರಕ ಕಟ್ಟಿಸಿದ ಏಕನಾಥ ರಾನಡೆ ಆರೆಸ್ಸೆಸ್‌ನ ಸರಕಾರ್ಯವಾಹರಾಗಿದ್ದವರು. 1972ರಲ್ಲಿ ಅವರು ವಿವೇಕಾನಂದ ಕೇಂದ್ರ ಶುರು ಮಾಡಿದರು. ಅದರ ಕೊಂಬೆಯಾಗಿ 2009ರ ಡಿಸೆಂಬರ್‌ನಲ್ಲಿ ಹುಟ್ಟಿದ್ದು ವಿಐಎಫ್. ಯುಪಿಎ ಎರಡನೇ ಬಾರಿ ಗೆದ್ದು, ಬಿಜೆಪಿ ಸುಸ್ತಾಗಿ ಕೂತಿದ್ದ ವರ್ಷ ಅದು. 2005ರಲ್ಲೇ ಗುಪ್ತಚರ ದಳದ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಡೋವಲ್ ನಿವೃತ್ತ ಜನರಲ್‌ಗಳನ್ನೂ ರಾಯಭಾರಿಗಳನ್ನೂ ಒಂದೇ ಮೇಜಿಗೆ ಕರೆತಂದರು. ಸಂಸ್ಥೆ ತನ್ನನ್ನು ಸ್ವತಂತ್ರ, ಪಕ್ಷಾತೀತ ಎಂದೇ ಕರೆದುಕೊಳ್ಳುತ್ತದೆ.

ವಿಐಎಫ್ ಬರೀ ನೆಪಕ್ಕಿರುವ ಸಂಸ್ಥೆ ಅನ್ನೋದು ನನ್ನ ವಾದವಲ್ಲ. ಅಲ್ಲಿ ಕೆಲಸ ನಡೆಯುತ್ತೆ. 2014ರ ಫೆಬ್ರವರಿಯಲ್ಲಿ ತಂಜಾವೂರಿನ ಶಾಸ್ತ್ರ ವಿಶ್ವವಿದ್ಯಾಲಯದಲ್ಲಿ ಡೋವಲ್ ಮಾಡಿದ ಭಾಷಣ ಕೇಳಿ: ಪಾಕಿಸ್ತಾನದ ಎದುರು ಬರೀ ರಕ್ಷಣೆ ಸಾಲದು, ಏಟು ಹೊರಡುವ ಜಾಗಕ್ಕೇ ಹೋಗಿ ತಿರುಗೇಟು ಕೊಡಬೇಕು ಅನ್ನೋ ಸಿದ್ಧಾಂತವನ್ನು ಪಾಠದ ಹಾಗೆ ಬಿಡಿಸಿ ಹೇಳುತ್ತಾರೆ. ಆಗ ಅವರ ಬಳಿ ಸರ್ಕಾರಿ ಹುದ್ದೆ ಇರಲಿಲ್ಲ. ಮೂರು ತಿಂಗಳಿಗೆ ಅದನ್ನು ಜಾರಿ ಮಾಡುವ ಕುರ್ಚಿ ಸಿಕ್ಕಿತು. ಚಿಂತನೆಯಿಂದ ನೀತಿಗೆ ಇಷ್ಟು ಹತ್ತಿರದ ದಾರಿ ನಮ್ಮ ದೇಶದಲ್ಲಿ ಅಪರೂಪ.

ನನಗೆ ತೊಡಕು ಕಾಣೋದು ಸದಸ್ಯರ ಪಟ್ಟಿಯಲ್ಲಿ. ಡೋವಲ್ ನಂತರ ನಿರ್ದೇಶಕರಾದವರು ಮಾಜಿ ಭೂಸೇನಾ ಮುಖ್ಯಸ್ಥ ಎನ್.ಸಿ. ವಿಜ್. ಅವರ ನಂತರ ಅರವಿಂದ ಗುಪ್ತಾ. ಇವರು ಬಂದದ್ದು ಡೋವಲ್ ಕೈಕೆಳಗೆ ಉಪ ಭದ್ರತಾ ಸಲಹೆಗಾರರಾಗಿದ್ದು, 2017ರಲ್ಲಿ. ಮಾಜಿ ವಿದೇಶಾಂಗ ಕಾರ್ಯದರ್ಶಿ ಕನ್ವಲ್ ಸಿಬಲ್ ಇದ್ದರು. ಅಧ್ಯಕ್ಷರಾಗಿ ಸಂಘದ ಚಿಂತಕ ಎಸ್. ಗುರುಮೂರ್ತಿ ಬಂದರು. ಊರ ಚಾವಡಿಯಲ್ಲೂ ಪಟೇಲರು, ಶ್ಯಾನುಭೋಗರೇ ಕೂರ್ತಿದ್ರು ಬಿಡಿ. ಆದರೆ ಇಲ್ಲಿ ಸರ್ಕಾರದಿಂದ ಚಾವಡಿಗೆ, ಚಾವಡಿಯಿಂದ ಸರ್ಕಾರಕ್ಕೆ, ಮತ್ತೆ ಸರ್ಕಾರದಿಂದ ಚಾವಡಿಗೆ ಅದೇ ಬಳಗ ಸುತ್ತುತ್ತದೆ. ಸ್ಪೀಕರ್‌ನ ಸದ್ದು ಮೈಕಿಗೇ ನುಗ್ಗಿದರೆ ಏನಾಗುತ್ತೆ ಅಂತ ಮದುವೆ ಮನೆಯಲ್ಲಿ ಎಲ್ಲರೂ ಕೇಳಿದ್ದೇವೆ.

ಸರ್ಕಾರದ ದುಡ್ಡು ತಿಂದವರು ಸರ್ಕಾರವನ್ನು ಪ್ರಶ್ನಿಸಲಾರರು ಅನ್ನೋದೂ ಪೂರ್ತಿ ನಿಜವಲ್ಲ. 1965ರಲ್ಲಿ ರಕ್ಷಣಾ ಸಚಿವಾಲಯದ ಹಣದಿಂದಲೇ ಹುಟ್ಟಿದ ಐಡಿಎಸ್‌ಎ (ಈಗ ಮನೋಹರ್ ಪರಿಕ್ಕರ್ ಹೆಸರಿನದು) ಅನ್ನು ನೋಡಿ. ಅದನ್ನು ಎರಡು ಬಾರಿ ಮುನ್ನಡೆಸಿದ ಕೆ. ಸುಬ್ರಹ್ಮಣ್ಯಂ, ಸರ್ಕಾರ ತುಟಿ ಬಿಚ್ಚದ ಕಾಲದಲ್ಲೂ ಭಾರತಕ್ಕೆ ಅಣ್ವಸ್ತ್ರ ಬೇಕು ಎಂದು ಬಹಿರಂಗವಾಗಿ ವಾದಿಸಿದವರು. ಈಗಿನ ವಿದೇಶಾಂಗ ಸಚಿವ ಜೈಶಂಕರ್ ಅವರ ತಂದೆ. ಅಧಿಕಾರಿಗಳು, ಪತ್ರಕರ್ತರು ಸರ್ಕಾರದ ಪ್ರಶಸ್ತಿ ತಗೋಬಾರದು ಎಂದು 1999ರಲ್ಲಿ ಪದ್ಮಭೂಷಣವನ್ನೇ ಬೇಡ ಅಂದರು.

ಅದೇ ವರ್ಷ ಕಾರ್ಗಿಲ್ ಯುದ್ಧ ಮುಗಿದ ಮೂರೇ ದಿನಕ್ಕೆ ವಾಜಪೇಯಿ ಸರ್ಕಾರ ಅವರ ನೇತೃತ್ವದಲ್ಲೇ ಪರಿಶೀಲನಾ ಸಮಿತಿ ಮಾಡಿತು. ಪತ್ರಕರ್ತ ಬಿ.ಜಿ. ವರ್ಗೀಸ್ ಕೂಡ ಅದರಲ್ಲಿದ್ದರು. ಗುಪ್ತಚರ ಎಲ್ಲಿ ಎಡವಿತು ಅಂತ ಬರೆದ ವರದಿ 2000ದ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು, ಪುಸ್ತಕವಾಗಿಯೂ ಮಾರಾಟವಾಯಿತು. ಕೆಲವು ಭಾಗಗಳನ್ನು ಅಳಿಸಿದ್ದರು, ನಿಜ. ಆದರೂ ಜನಸಾಮಾನ್ಯ ಕೊಂಡು ಓದಬಹುದಿತ್ತು. ಆ ಸಮಿತಿಯ ಸದಸ್ಯ ಕಾರ್ಯದರ್ಶಿ ಸತೀಶ್ ಚಂದ್ರ. ಮುಂದೆ ಅವರು ಸೇರಿದ್ದೂ ವಿಐಎಫ್ ಅನ್ನೇ.

ಅಂದರೆ ಸೋಲಿನ ಲೆಕ್ಕ ಬರೆಯೋದು ಹೇಗೆ ಎಂದು ಗೊತ್ತಿರುವವರು ಆ ಕಟ್ಟಡದಲ್ಲೇ ಇದ್ದರು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಸತ್ತರು, ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ಮರುವರ್ಷ ಗಲ್ವಾನ್‌ನಲ್ಲಿ 20 ಸೈನಿಕರು ಸತ್ತರು. ಎರಡಕ್ಕೂ ಕಾರ್ಗಿಲ್ ಮಾದರಿಯ ಸಮಿತಿಯಾಗಲಿ, ಅಂಗಡಿಯಲ್ಲಿ ಸಿಗುವ ವರದಿಯಾಗಲಿ ಬರಲಿಲ್ಲ. ಭದ್ರತಾ ಸಲಹೆಗಾರರ ಕುರ್ಚಿಯಲ್ಲಿ ಎರಡೂ ಸಲ ಇದ್ದವರು ವಿಐಎಫ್‌ನ ಸ್ಥಾಪಕ ನಿರ್ದೇಶಕರು. ಆ ಹೊತ್ತಿಗೆ ಚಾಣಕ್ಯಪುರಿಯಲ್ಲಿ ನಿರ್ದೇಶಕರಾಗಿದ್ದವರು ಅವರ ಹಿಂದಿನ ಉಪ ಸಲಹೆಗಾರರು.