ತಾಮ್ರ ಬೆಳ್ಳಿಯಾಯಿತು, ಬೆಳ್ಳಿ ಚಿನ್ನವಾಯಿತು!

ಮಕ್ಕಳೇ, ನಾನು ವಿಜ್ಞಾನದ ಮೇಷ್ಟ್ರಾಗಿದ್ದಾಗ ನನ್ನ ತರಗತಿಯವರು ಪ್ರತಿವರ್ಷ ಒಂದು ಪ್ರಯೋಗಕ್ಕೆ ಕಾದಿರುತ್ತಿದ್ದರು. ಚೆನ್ನಾಗಿ ಉಜ್ಜಿದ ತಾಮ್ರದ ಪಟ್ಟಿಯನ್ನು ಸತುವಿನ ಪುಡಿಯ ಜೊತೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಇಡುತ್ತಿದ್ದೆ. ಕೆಲವೇ ನಿಮಿಷಗಳಲ್ಲಿ ಕೆಂಪು ಪಟ್ಟಿ ಬೆಳ್ಳಿಯಂತೆ ಬೆಳ್ಳಗಾಗುತ್ತಿತ್ತು. ಅದನ್ನು ತೊಳೆದು, ಒರೆಸಿ, ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಸ್ವಲ್ಪ ಹೊತ್ತು ಆಡಿಸಿದರೆ ಥೇಟ್ ಚಿನ್ನದ ಬಣ್ಣ!

“ಸಾರ್, ನಿಜವಾಗಲೂ ಚಿನ್ನವೇ?” ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಅಲ್ಲ. ಸೋಡಾದಲ್ಲಿ ಕರಗಿದ ಸತು ತಾಮ್ರದ ಮೇಲೆ ತೆಳ್ಳಗೆ ಕೂರುತ್ತದೆ. ಬೆಳ್ಳಿಯ ಬಣ್ಣ ಅದರದು. ಕಾಯಿಸಿದಾಗ ಆ ಸತು ತಾಮ್ರದೊಳಗೆ ಬೆರೆಯುತ್ತದೆ. ತಾಮ್ರ, ಸತು ಎರಡೂ ಬೆರೆತರೆ ಏನಾಗುತ್ತದೆ? ಹಿತ್ತಾಳೆ! ಅಜ್ಜಿಯ ಚೊಂಬು ಯಾವುದೋ, ಈ ‘ಚಿನ್ನ’ವೂ ಅದೇ. ಉಪ್ಪುಕಾಗದದಿಂದ ಉಜ್ಜಿದರೆ ಕೆಳಗಿನ ಕೆಂಪು ತಾಮ್ರ ಮತ್ತೆ ಕಾಣುತ್ತದೆ.

ಇದನ್ನು ಮನೆಯಲ್ಲಿ ಮಾತ್ರ ಮಾಡಬೇಡಿ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರು ಮಾಡಲಿ, ನೀವು ನೋಡಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ‘ತಾಮ್ರವನ್ನು ಚಿನ್ನ ಮಾಡುತ್ತೇವೆ’ ಎಂದು ಬರುವವರ ಬಳಿ ಇರುವುದು ಇಂಥದೇ ಚಮತ್ಕಾರ. ಬಾಗಿಲಿಗೆ ಬಂದು ಒಡವೆಗೆ ಪಾಲಿಶ್ ಹಾಕಿಕೊಡುತ್ತೇವೆ ಎನ್ನುವವರಿಗೂ ಸರ ಬಿಚ್ಚಿ ಕೊಡಬೇಡಿ. ಚಿನ್ನವನ್ನು ಕರಗಿಸುವ ಆಮ್ಲದ ಮಿಶ್ರಣವಿದೆ. ಅದರಲ್ಲಿ ಅದ್ದಿದ ಸರ ತೂಕ ಕಳೆದುಕೊಂಡು ಕೈಗೆ ಬರುತ್ತದೆ. ಕರಗಿದ ಚಿನ್ನ ಅವರ ಪಾತ್ರೆಯಲ್ಲೇ ಉಳಿಯುತ್ತದೆ.

ಬಣ್ಣ ಬದಲಿಸುವುದು ಸುಲಭ, ತೂಕ ಬದಲಿಸುವುದು ಕಷ್ಟ. ಔಷಧಿ ಕುಡಿಯುವ 5 ಮಿಲಿಲೀಟರ್ ಮುಚ್ಚಳದ ತುಂಬ ಚಿನ್ನ ತುಂಬಿದರೆ ಸುಮಾರು 96 ಗ್ರಾಂ ತೂಗುತ್ತದೆ. ಅಷ್ಟೇ ಹಿತ್ತಾಳೆ ತುಂಬಿದರೆ ಸುಮಾರು 42 ಗ್ರಾಂ, ಅರ್ಧಕ್ಕಿಂತಲೂ ಕಡಿಮೆ! ಆದರೆ ಕಲ್ಲು ಕೂರಿಸಿದ, ಒಳಗೆ ಟೊಳ್ಳಾದ ಒಡವೆಗಳಲ್ಲಿ ಈ ಲೆಕ್ಕ ನಡೆಯದು. ಅದಕ್ಕೇ ಹೊಸ ಒಡವೆ ಕೊಳ್ಳುವಾಗ ಹಾಲ್‌ಮಾರ್ಕ್ ಮತ್ತು 6 ಅಕ್ಷರ-ಅಂಕಿಗಳ ಗುರುತನ್ನು ನೋಡಬೇಕು. ಗುರುತು ಬಲು ಸಣ್ಣದು, ಅಜ್ಜಿಯ ಕಣ್ಣಿಗೆ ಕಾಣಿಸದು. ಮುಂದಿನ ಸಲ ಅಂಗಡಿಗೆ ಹೋದಾಗ ಭೂತಗನ್ನಡಿ ಹಿಡಿದು ಅದನ್ನು ಓದಿ ಹೇಳುವ ಕೆಲಸ ನಿಮ್ಮದು.